ಗೇಣು ದೂರದ ಉರಿ

ಈರಮ್ಮ ಸಿಸ್ಟರ್ ಬರುವ ಮೊದಲು ಸುಟ್ಟ ಬೆಂಕಿಕಡ್ಡಿಯ ವಾಸನೆ ಬರುತ್ತಿತ್ತು. ಉಳಿದ ನರ್ಸುಗಳ ಹತ್ತಿರ ಹೋದರೆ ಸ್ಪಿರಿಟ್ಟೋ ಫಿನಾಯಿಲೋ ಮೂಗಿಗೆ ಬಡಿಯುತ್ತಿತ್ತು, ಇವರದು ಮಾತ್ರ ಗಂಧಕ. ಬೇರೆ ಹೆಂಗಸರು ಎಲೆಅಡಿಕೆಯ ಸಂಚಿ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಬಿಳಿ ಸೀರೆಯ ಸೊಂಟಕ್ಕೆ, ಇವರು ಕಡ್ಡಿಪೆಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಬಳಗಾನೂರಿನ ಕಡೆಯ ಒಬ್ಬ ಮುದುಕ ಅದನ್ನು ನೋಡಿ ಪಕ್ಕದವನಿಗೆ, "ನರ್ಸಮ್ಮಾರು ಬೀಡಿ ಸೇದ್ತಾರೇನಪಾ?" ಎಂದು ಪಿಸುಗುಟ್ಟಿದ್ದ. ಸಿಸ್ಟರ್ ಕಿವಿ ಬಲು ಚುರುಕು. "ಸೇದಾಂವ ನೀನು, ಕಡ್ಡಿ ನಂದು. ಬಾ ಇಲ್ಲಿ, ಎಷ್ಟು ವರ್ಷದಿಂದ ಸೇದಾಕತ್ತಿ ಅಂತ ನಿನ್ನ ಉಸುರೇ ಹೇಳತೈತಿ," ಎಂದು ಅವನ ಮುಖದ ಮುಂದೆಯೇ ಕಡ್ಡಿ ಗೀರಿದರು.

ಮಸ್ಕಿಯ ದವಾಖಾನೆಗೆ ನಾನು ಲ್ಯಾಬ್ ಟೆಕ್ನಿಶಿಯನ್ ಆಗಿ ಹೋದದ್ದು ಎಂಬತ್ತರ ದಶಕದ ನಡುವೆ. ಜವಳಗೇರಾದ ಒಕ್ಕಲುತನದ ಮನೆಯಿಂದ ನೌಕರಿಗೆ ಬಂದ ಮೊದಲ ಹೆಣ್ಣು ನಾನೇ, ಹಾಗಾಗಿ ಸೊಕ್ಕು ಸ್ವಲ್ಪ ಜಾಸ್ತಿಯೇ ಇತ್ತು. ಎದೆಯ ರೋಗ ಎಂದರೆ ಕಫ ತರಿಸಬೇಕು, ಗಾಜಿನ ಮೇಲೆ ಸವರಬೇಕು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹುಳ ಕಂಡರೆ ಟಿಬಿ, ಕಾಣದಿದ್ದರೆ ಅಲ್ಲ. ಇಷ್ಟು ಚೊಕ್ಕವಾದ ವಿದ್ಯೆ ಕಲಿತು ಬಂದ ನನಗೆ, ಒಬ್ಬ ನರ್ಸು ಹೊರಗೆ ಬೇವಿನ ಮರದ ಕೆಳಗೆ ರೋಗಿಗಳನ್ನು ಸಾಲಾಗಿ ಕೂರಿಸಿ ಒಂದೊಂದೇ ಕಡ್ಡಿ ಗೀರುತ್ತ "ಊದು, ಊದು" ಎನ್ನುವುದು ದೊಂಬರಾಟದ ಹಾಗೆ ಕಂಡಿತು. ಮೊದಲ ವಾರವೇ ನಾನು ಅದನ್ನು ನೋಡಿ ನಕ್ಕಿದ್ದೆ. ಮುಂದೆ ಅದೇ ಕಡ್ಡಿಯ ವಿಷಯದಲ್ಲಿ ನಾನು ಬಾಯಿ ಹಾಕಿ ಆಡಿದ ಒಂದು ಮಾತಿನಿಂದ ನಮ್ಮವ್ವನ ಜೀವ ಹೋಗುವುದಿತ್ತು.

ಅವರ ಪರೀಕ್ಷೆ ಇಷ್ಟೇ. ಕಡ್ಡಿ ಗೀರಿ, ಉರಿ ನೆಟ್ಟಗಾಗುವ ತನಕ ಕಾಯುವುದು. ಎಡಗೈ ಅಗಲಿಸಿ ಹೆಬ್ಬೆರಳನ್ನು ರೋಗಿಯ ಗದ್ದಕ್ಕೆ ತಾಗಿಸುವುದು, ಕಿರುಬೆರಳ ತುದಿಯ ನೇರಕ್ಕೆ ಉರಿ ಹಿಡಿಯುವುದು. "ಉಸುರು ಪೂರಾ ಒಳಗ ತಗೋ. ತುಟಿ ಚೂಪು ಮಾಡಬ್ಯಾಡ. ಬಾಯಿ ಅಗಲ ತಗದು ಹಾ ಅಂತ ಊದು." ತುಟಿ ಚೂಪು ಮಾಡಿದರೆ ಯಾರಾದರೂ ಆರಿಸಿಬಿಡುತ್ತಾರೆ, ಬಾಯಿ ಪೂರ್ತಿ ತೆರೆದಾಗಲೇ ಎದೆಯ ಬಲ ಹೊರಬೀಳುವುದು. ಗಟ್ಟಿಮುಟ್ಟಾದವರು ಒಂದೇ ಉಸಿರಿಗೆ ಆರಿಸುತ್ತಿದ್ದರು. ವರ್ಷಗಟ್ಟಲೆ ಬೀಡಿ ಸೇದಿದವರು, ಅಕ್ಕಿ ಗಿರಣಿಯ ದೂಳು ಕುಡಿದವರು, ಹೊಗೆಯ ಒಲೆ ಮುಂದೆ ಕೂತು ಜೀವ ಸವೆಸಿದ ಹೆಂಗಸರು ಎಷ್ಟು ಊದಿದರೂ ಆ ಗೇಣುದ್ದದ ದಾರಿ ಸಾಗುತ್ತಿರಲಿಲ್ಲ. ಕಡ್ಡಿ ಆರದವರ ಹೆಸರಿನ ಮುಂದೆ ಸಿಸ್ಟರ್ ಚೀಟಿಯಲ್ಲಿ ಒಂದು ಗೀಟು ಎಳೆದು ಡಾಕ್ಟರ ಬಳಿ ಕಳಿಸುತ್ತಿದ್ದರು.

ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, ತರಬೇತಿಯ ದಿನಗಳಲ್ಲಿ ಎದೆರೋಗದ ವಾರ್ಡಿನ ಹಳೆಯ ಡಾಕ್ಟರೊಬ್ಬರು ತೋರಿಸಿಕೊಟ್ಟರು ಎಂದಿದ್ದರು. ಉಳಿದದ್ದು ಸ್ವಂತದ್ದು. ವಳಕಮದಿನ್ನಿಯಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೇ ಒಲೆ ಮುಂದೆ ಕೂತು ಹತ್ತು ಮಂದಿಯ ರೊಟ್ಟಿ ಬಡಿದವರು ಅವರು. ಗಂಡ ಬಿಟ್ಟನೋ ಇವರೇ ಬಿಟ್ಟರೋ, ಕೇಳುವ ಧೈರ್ಯ ದವಾಖಾನೆಯಲ್ಲಿ ಯಾರಿಗೂ ಇರಲಿಲ್ಲ. ಡಾಕ್ಟರು ಕೂಡ ಅವರನ್ನು ಏನಾದರೂ ಕೇಳಬೇಕಾದರೆ ಒಮ್ಮೆ ಕೆಮ್ಮಿ ಮಾತು ಶುರು ಮಾಡುತ್ತಿದ್ದರು. ಆ ಕೆಮ್ಮಿಗೂ ಸಿಸ್ಟರ್ ತಲೆ ಎತ್ತಿ ನೋಡುತ್ತಿದ್ದರು.

ನನ್ನ ಸೊಕ್ಕು ಮುರಿದದ್ದು ಒಬ್ಬ ಹಮಾಲನಿಂದ. ತಿಂಗಳಿಂದ ಜ್ವರ, ಕೆಮ್ಮು. ಎಲ್ಲರಿಗೂ ಟಿಬಿಯ ಗುಮಾನಿ. ಮೂರು ದಿನ ಅವನ ಕಫ ನೋಡಿದೆ, ಹುಳ ಕಾಣಲಿಲ್ಲ. ನಾಲ್ಕನೆಯ ದಿನವೂ ತರಲು ಹೇಳುತ್ತಿದ್ದಾಗ ಸಿಸ್ಟರ್ ಕರೆದರು. "ಶಾರದಾ, ಇಲ್ಲಿ ಬಾ ಬೇ. ಇವ ಕೆಮ್ಮೂಮುಂದ ಸನೇಕ ನಿಂತು ಮೂಸಿ ನೋಡು." ನಿಂತೆ. ಕೊಳೆತ ಮಾಂಸದಂಥ ನಾತಕ್ಕೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. "ಹಲ್ಲಿನ ವಾಸನಿ ಮಾತಾಡಿದ್ರೂ ಬರತೈತಿ. ಇದು ಕೆಮ್ಮಿದಾಗಷ್ಟ ಒಳಗಿಂದ ಎದ್ದು ಬರಾಕತ್ತೈತಿ. ಎದಿಯಾಗ ಒಂದ್ಕಡೆ ಕೀವು ತುಂಬೈತಿ ಇವಗ. ನಿನ್ನ ಹುಳದ ಹಾದಿ ಕಾಯಬ್ಯಾಡ, ರಾಯಚೂರಿಗೆ ಕಳಸು." ರಾಯಚೂರಿನಲ್ಲಿ ತೆಗೆದ ಎಕ್ಸ್‌ರೇಯಲ್ಲಿ ಬಲಗಡೆಯ ಪುಪ್ಪುಸದಲ್ಲಿ ಕೀವಿನ ಗೂಡು ಕಂಡಿತು. ಅವನು ಉಳಿದ. ಮೂರನೆಯ ದಿನ ನಾನಾಗಿಯೇ ಹೋಗಿ ಬೇವಿನ ಮರದ ಕೆಳಗೆ ಅವರ ಪಕ್ಕ ನಿಂತೆ. ಸಿಸ್ಟರ್ ಚೀಟಿ ಬರೆಯುವ ಕೆಲಸ ಕೊಟ್ಟರು. "ಬಾಯಿ ಸುಳ್ಳು ಹೇಳತೈತಿ, ಉಸುರು ಹೇಳಂಗಿಲ್ಲ," ಎನ್ನುವ ಅವರ ಮಾತು ಅಷ್ಟು ಹೊತ್ತಿಗೆ ನನಗೂ ಬಾಯಿಪಾಠವಾಗಿತ್ತು.

ಆದರೆ ಆ ಕಡ್ಡಿಗೆ ಒಂದು ಅಡ್ಡಿ ಇತ್ತು. ನಮ್ಮ ಕಡೆಯ ಮನೆಗಳಲ್ಲಿ ದೀಪವನ್ನು ಬಾಯಿಂದ ಊದಿ ಆರಿಸುವುದಿಲ್ಲ. ಹೂವಿನ ಎಸಳಿನಿಂದ ಬತ್ತಿ ಒತ್ತುತ್ತೇವೆ, ಅದಕ್ಕೂ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಉರಿಗೆ ಎಂಜಲ ಉಸಿರು ತಾಗಬಾರದು, ಅದರಲ್ಲೂ ಮುತ್ತೈದೆಯ ಬಾಯಿಂದ ದೀಪ ಆರಬಾರದು. ಒಲೆಯ ಮುಂದೆ ಕೂತು ದಿನಕ್ಕೆ ನೂರು ಸಲ ಊದುಗೊಳವೆಯಲ್ಲಿ ಊದಬಹುದು, ಅದು ಉರಿ ಎಬ್ಬಿಸುವುದಕ್ಕೆ. ಆರಿಸುವುದಕ್ಕೆ ಮಾತ್ರ ಊದಬಾರದು. ಕಡ್ಡಿಯ ಉರಿಯಾದರೇನು, ದೀಪದ ಉರಿಯಾದರೇನು? ಹಳೆಯ ಹೆಂಗಸರು ಕಡ್ಡಿ ನೋಡಿದೊಡನೆ ತುಟಿ ಬಿಗಿದು ಮುಖ ತಿರುಗಿಸುತ್ತಿದ್ದರು. ಸಿಸ್ಟರ್ ಅಂಥವರನ್ನು ಗದರಿಸುತ್ತಿರಲಿಲ್ಲ. ಸ್ಟೆತಾಸ್ಕೋಪು ಹಚ್ಚಿ ನೋಡಿ ಡಾಕ್ಟರ ಬಳಿ ಕಳಿಸುತ್ತಿದ್ದರು. ಚೀಟಿಯಲ್ಲಿ ನನಗೆ "ಒಲ್ಲೆ ಅಂದಳು" ಎಂದು ಬರೆಸುತ್ತಿದ್ದರು.

ಅವ್ವನ ಸಂಗತಿ ಇನ್ನು ಹೇಳಬೇಕು. ಜವಳಗೇರಾದಲ್ಲಿ ಅಪ್ಪನಿಗೆ ಕಾಲುವೆಯ ನೀರಿನ ಗದ್ದೆ ಇತ್ತು. ನಾಟಿಯ ಹಂಗಾಮು ಬಂದರೆ ಇಪ್ಪತ್ತು ಆಳುಗಳ ರೊಟ್ಟಿ ಅವ್ವನ ಕೈಯಿಂದಲೇ ಏಳಬೇಕು. ಸಿಂಧನೂರಿನ ಸುತ್ತ ಅಕ್ಕಿ ಗಿರಣಿಗಳು ಎದ್ದ ಮೇಲೆ ಭತ್ತದ ಹೊಟ್ಟು ಬೇಕಾದಷ್ಟು ಸಿಗುತ್ತಿತ್ತು, ಅಪ್ಪ ಕಟ್ಟಿಗೆಯ ಒಲೆಯ ಪಕ್ಕದಲ್ಲೇ ಹೊಟ್ಟಿನ ಒಲೆಯನ್ನೂ ಹೂಡಿಸಿದ. ಆ ಹೊಗೆ ಹೊರಹೋಗಲು ಅಡಿಗೆಮನೆಯ ಮಾಳಿಗೆಯಲ್ಲಿ ಅಂಗೈಯಗಲದ ಒಂದು ಕಿಂಡಿ ಮಾತ್ರ. ನಾನು ಒಳಗೆ ಹೋದರೆ ಅವ್ವ ಕೈಯಲ್ಲಿದ್ದ ಊದುಗೊಳವೆ ತೋರಿಸಿ ಓಡಿಸುತ್ತಿದ್ದಳು, "ಓದೋ ಕೈಗೆ ಮಸಿ ಹತ್ತಬಾರದು, ಹೋಗು," ಎಂದು. ಆ ಹೊಗೆಯ ಪಾಲಿನಲ್ಲಿ ನನ್ನದನ್ನೂ ಅವಳೇ ಕುಡಿದಳು ಎಂದು ನನಗೆ ಹೊಳೆಯುವುದಕ್ಕೆ ಬಹಳ ವರ್ಷ ಬೇಕಾಯಿತು.

ಕೆಮ್ಮಿ ಕೆಮ್ಮಿ ಅವ್ವನಿಗೆ ಗರ್ಭಚೀಲ ಜಾರಿತ್ತು. ಏಳು ವರ್ಷ ಯಾರಿಗೂ ಹೇಳದೆ, ಬಟ್ಟೆ ಬಿಗಿದು ಕಟ್ಟಿಕೊಂಡು ಬಾಳಿದಳು. ಕೂರಲು ಕಷ್ಟ, ನಿಲ್ಲಲು ಕಷ್ಟ, ನೀರಿನ ಕೊಡ ಎತ್ತಿದರೆ ಕಣ್ಣಲ್ಲಿ ನೀರು. ಕೊನೆಗೆ ಒಂದು ದಿನ ನನ್ನ ಮುಂದೆ ಬಾಯಿ ಬಿಟ್ಟಳು. ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತುಮಾಡಿದೆ. ಪೂರಾ ಎಚ್ಚರ ತಪ್ಪಿಸಿ ಮಾಡಬೇಕು ಎಂದರು. ಅವ್ವನ ಮುಖದ ಮೇಲೆ ಅಷ್ಟೊಂದು ಆಸೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೋಗುವ ಮೂರು ದಿನ ಮೊದಲು ಅವಳನ್ನು ಮಸ್ಕಿಯ ನನ್ನ ಬಾಡಿಗೆ ಕೋಣೆಗೆ ಕರೆತಂದೆ. ರಕ್ತ, ಮೂತ್ರ ನಾನೇ ನೋಡಿದೆ, ಎಲ್ಲ ಸರಿ ಇತ್ತು. "ಸಿಸ್ಟರಿಗೂ ಒಮ್ಮೆ ತೋರಸೂಣು ನಡಿ," ಎಂದು ಬೇವಿನ ಮರದ ಕೆಳಗೆ ಕರೆದೊಯ್ದೆ. ಅಂದು ಸಂತೆಯ ದಿನ, ನಲವತ್ತು ಹೆಂಗಸರು ಸಾಲಿನಲ್ಲಿದ್ದರು. ಸಿಸ್ಟರ್ ಕಡ್ಡಿ ಗೀರಿ ಅವ್ವನ ಗದ್ದಕ್ಕೆ ಹೆಬ್ಬೆರಳು ಹಚ್ಚಿದರು. ಅವ್ವ ಬಾಯಿ ತೆರೆದಳು. ಕಡ್ಡಿ ಉರಿಯುತ್ತಲೇ ಇತ್ತು.

ಸಿಸ್ಟರ್ ಕಣ್ಣು ಕಿರಿದಾದದ್ದನ್ನು ನಾನು ಕಂಡೆ. ಅವರು ಏನಾದರೂ ಕೇಳುವ ಮೊದಲೇ ನಕ್ಕುಬಿಟ್ಟೆ. "ಸಿಸ್ಟರ್, ನಮ್ಮವ್ವ ದೀಪ ಊದಂಗಿಲ್ರೀ. ಮನ್ಯಾಗ ಹೂವಿನ ಎಸಳಿಲೆ ಶಾಂತ ಮಾಡತಾಳ."

"ಹೂಂನವ್ವಾ ನರ್ಸಮ್ಮ," ಎಂದಳು ಅವ್ವ, ಬಲು ಅವಸರದಿಂದ. "ಬಾಯಿ ಹಚ್ಚಿ ಉರಿ ಆರಸಬಾರದು. ಮುತ್ತೈದಿ ನಾನು."

ಕಡ್ಡಿ ಸಿಸ್ಟರ್ ಬೆರಳಿನ ತನಕ ಉರಿದು ಬಂದಿತ್ತು. ಕೆಳಗೆ ಹಾಕಿ ಚಪ್ಪಲಿಯಿಂದ ಒರೆಸಿದರು. ಹಿಂದಿನಿಂದ ಸಾಲಿನವರು ನೂಕುತ್ತಿದ್ದರು, ಒಂದು ಕೂಸು ಗೋಳಿಡುತ್ತಿತ್ತು. "ಹಂಗಾ?" ಎಂದಷ್ಟೇ ಅಂದು, ಸ್ಟೆತಾಸ್ಕೋಪನ್ನು ಅವ್ವನ ಬೆನ್ನ ಮೇಲೆ ಒಮ್ಮೆ ಇಟ್ಟು ತೆಗೆದು, ಡಾಕ್ಟರ ಬಳಿ ಕಳಿಸದೆ ಮುಂದಿನವಳನ್ನು ಕರೆದರು. ನಾನೇ ಚೀಟಿಯಲ್ಲಿ ಬರೆದೆ: ಒಲ್ಲೆ ಅಂದಳು.

ಲಿಂಗಸುಗೂರಿನಲ್ಲಿ ಆಪರೇಷನ್ನಿನ ಹಿಂದಿನ ದಿನ ಸರ್ಜನ್ ಕೇಳಿದರು, "ಇವರಿಗೆ ದಮ್ಮು, ಉಬ್ಬಸ ಏನಾದರೂ ಇದೆಯೇನಮ್ಮ?" ಅವ್ವ ನನ್ನ ಮುಖ ನೋಡಿದಳು. ನಾನೇ ಉತ್ತರ ಕೊಟ್ಟೆ. "ಇಲ್ಲ ಸರ್. ಒಲೆ ಹೊಗೆಗೆ ಒಂಚೂರು ಕೆಮ್ಮು ಅಷ್ಟೇ. ನಾನೇ ಲ್ಯಾಬಿನಾಕಿ, ಎಲ್ಲ ನೋಡೀನಿ." ಲ್ಯಾಬಿನಾಕಿ ಎನ್ನುವಾಗ ನನ್ನ ದನಿ ಎಷ್ಟು ಎತ್ತರ ಇತ್ತೆಂದು ಈಗ ನೆನೆದರೆ ನೆಲದೊಳಗೆ ಇಳಿದುಹೋಗಬೇಕು ಅನ್ನಿಸುತ್ತದೆ. ಸರ್ಜನ್ ಬರೆದುಕೊಂಡರು.

ಮರುದಿನ ಬೆಳಿಗ್ಗೆ ಎಲ್ಲಕ್ಕೂ ಅವಸರ. ಅರಿವಳಿಕೆ ಕೊಡುವ ಡಾಕ್ಟರು ರಾಯಚೂರಿನಿಂದ ಮೊದಲ ಬಸ್ಸಿಗೆ ಬಂದಿದ್ದರು, ಮಧ್ಯಾಹ್ನದ ಬಸ್ಸಿಗೆ ಹೋಗುವವರು. ಹನ್ನೆರಡಕ್ಕೆ ಕರೆಂಟು ಹೋಗುತ್ತಿತ್ತು, ಹೋದರೆ ಬರುವುದು ಸಂಜೆಗೇ. ಹತ್ತಕ್ಕೆ ಒಳಗೆ ಒಯ್ಯಬೇಕು ಎಂದರು. ಅವ್ವನ ಬಳೆ ತೆಗೆಸಿದರು, ಮೂಗುಬೊಟ್ಟು ತೆಗೆಸಿದರು. ಕೊರಳಿನ ಲಿಂಗವನ್ನು ಮಾತ್ರ ಅವಳು ನನ್ನ ಕೈಗೆ ಕೊಡಲಿಲ್ಲ, ಬಲ ಮುಂಗೈಗೆ ಕಟ್ಟಿಸಿಕೊಂಡಳು. ಹಸಿರು ಅಂಗಿ ತೊಡಿಸಿದಾಗ ನಾಚಿಕೊಂಡು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮನ್ನು ಸೆರಗಿನಿಂದ ಮುಚ್ಚಲು ಹೋದಳು, ಅಲ್ಲಿ ಸೆರಗಿರಲಿಲ್ಲ. ಅಂಗೈ ಅಡ್ಡ ಹಿಡಿದಳು. ಅಪ್ಪ ಬಾಗಿಲ ಹೊರಗೆ ರುಮಾಲು ಬಿಚ್ಚುತ್ತ ಕಟ್ಟುತ್ತ ಕೂತಿದ್ದ.

ಒಂಬತ್ತೂ ಮುಕ್ಕಾಲಿಗೆ ಸ್ಟ್ರೆಚರು ತಂದರು. ಅವ್ವನನ್ನು ಮಲಗಿಸಲು ಹೋದರೆ ಅಂಗಾತ ಮಲಗಲಿಲ್ಲ, ಎರಡು ಸಲ ಎದ್ದು ಕೂತಳು. ಅಂಜಿಕೆ ಎಂದುಕೊಂಡೆ. "ಮಲಕ್ಕೋಬೇ ಯವ್ವಾ, ಏನೂ ಆಗಂಗಿಲ್ಲ," ಎಂದು ನಾನೇ ಭುಜ ಒತ್ತಿ ಮಲಗಿಸಿದೆ. ನನ್ನ ಕೈಯಡಿಯಲ್ಲಿ ಅವಳ ಭುಜ ಏರುತ್ತ ಇಳಿಯುತ್ತ ಇತ್ತು. ಸ್ಟ್ರೆಚರಿನ ಗಾಲಿ ಉರುಳಿತು.

ಆಗ ಹೊರಗಿನ ಓಣಿಯಲ್ಲಿ ಗದ್ದಲವಾಯಿತು. ಆಯಾ ಯಾರನ್ನೋ ತಡೆಯುತ್ತಿದ್ದಳು. ಅವಳ ಕೈ ಸರಿಸಿ ಒಳಗೆ ಬಂದವರು ಈರಮ್ಮ ಸಿಸ್ಟರ್. ಮೊದಲು ನನಗೆ ಗುರುತು ಹತ್ತಲಿಲ್ಲ. ತಲೆಯ ಕೂದಲು, ಹುಬ್ಬು, ಬಿಳಿ ಸೀರೆ, ಎಲ್ಲದರ ಮೇಲೂ ಭತ್ತದ ಹೊಟ್ಟು. ಬೆಳಗಿನ ಬಸ್ಸು ತಪ್ಪಿ, ಸಿಂಧನೂರಿನ ಗಿರಣಿಯಿಂದ ಇಟ್ಟಿಗೆ ಭಟ್ಟಿಗೆ ಹೊಟ್ಟು ಒಯ್ಯುತ್ತಿದ್ದ ಲಾರಿಯನ್ನು ಮಸ್ಕಿಯ ನಡುರಸ್ತೆಯಲ್ಲಿ ಅಡ್ಡಗಟ್ಟಿ, ಮುಂದೆ ಜಾಗವಿಲ್ಲದ್ದಕ್ಕೆ ಹಿಂದೆ ಹೊಟ್ಟಿನ ಮೇಲೆಯೇ ಕೂತು ಬಂದಿದ್ದರು.

"ಈಕೀನ ಒಳಗ ಒಯ್ಯಬ್ಯಾಡ್ರೀ ಸಾಹೇಬ್ರ," ಎಂದರು ಸರ್ಜನ್ನಿಗೆ. ಅವರಿಗೂ ದಮ್ಮು ಹತ್ತಿತ್ತು, ನಾನು ಅದನ್ನು ಲಾರಿಯ ಓಡಾಟದ್ದೆಂದುಕೊಂಡೆ.

"ಯಾರಮ್ಮ ನೀವು? ಟೇಬಲ್ ರೆಡಿ ಇದೆ, ಹನ್ನೆರಡಕ್ಕೆ ಕರೆಂಟು ಹೋಗತ್ತೆ," ಎಂದರು ಸರ್ಜನ್.

"ಮಸ್ಕಿ ದವಾಖಾನಿ ನರ್ಸ್ ರೀ. ಈಕಿ ಉಸುರು ಮೊನ್ನೆ ನನಗ ಖರೇನ ಹೇಳಿತ್ತು, ನಾನ ತಪ್ಪು ಓದಿದೆ." ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾಯಿತು. "ಶಾರದಾ, ಇವತ್ತು ಬೆಳಿಗ್ಗೆ ಒಬ್ಬಾಕಿ ಮುದುಕಿ ಬಂದಿದ್ಲು. ದೀಪ ಊದಂಗಿಲ್ಲ ಅಂತ ತುಟಿ ಬಿಗಿ ಹಿಡದು ಕುಂತ್ಲು. ನನ್ನ ಕೈಯಾಗಿನ ಉರಿ ನೆಟ್ಟಗ ನಿಂತಿತ್ತು, ಜರಾ ಅಲುಗಾಡಲಿಲ್ಲ. ಆಗ ನೆಪ್ಪಾತು. ಮೊನ್ನೆ ನಿಮ್ಮವ್ವನ ಮುಂದ ಉರಿ ಬಾಗಿತ್ತು ಬೇ. ಬಾಗಿ, ಮತ್ತ ಎದ್ದು ನಿಂತಿತು. ಊದಾಕ ಒಲ್ಲದಾಕಿ ಆಗಿದ್ರ ಉರಿ ಯಾಕ ಬಾಗತಿತ್ತು?"

ಅವ್ವ ಸ್ಟ್ರೆಚರಿನ ಮೇಲೆ ಎದ್ದು ಕೂತಿದ್ದಳು. ಕೂತ ಕೂಡಲೇ ಅವಳ ಮುಖದ ಬಿಗುವು ಸಡಿಲಾದದ್ದು ಆಗ ನನ್ನ ಕಣ್ಣಿಗೆ ಬಿತ್ತು.

"ಯವ್ವಾ, ಊದಿದ್ದಿಯೇನು?" ಎಂದು ಕೇಳಿದೆ.

ಅವ್ವ ಮುಂಗೈಯ ಲಿಂಗವನ್ನು ಹಿಡಿದುಕೊಂಡು ತಲೆ ತಗ್ಗಿಸಿದಳು. "ಊದಿದ್ನವ್ವ. ಆರಲಿಲ್ಲ. ನೀ ಹಂಗ ಅಂದಿ, ನಾ ಹೂಂ ಅಂದೆ. ಎದಿ ಚಲೋ ಇಲ್ಲ ಅಂದ್ರ ತಿರುಗಿ ಕಳಸ್ತಾರಂತ ಅಂಜಿದೆ. ಏಳು ವರ್ಷ ಆತು ಈ ಜಡ್ಡು ಹೊತ್ತು ತಿರುಗಾಕತ್ತು. ಇದ್ರಾಗ ಸತ್ರೂ ಸಾಯ್ಲಿ, ತಗದು ಒಗದ್ರ ಸಾಕಾಗಿತ್ತು."

ಸರ್ಜನ್ ಕೈಗಡಿಯಾರ ನೋಡಿಕೊಂಡರು. "ಹೊಗೆ ಕೆಮ್ಮು ಎಲ್ಲ ಹೆಂಗಸರಿಗೂ ಇರತ್ತೆ. ಒಂದು ಕಡ್ಡಿ ಬಾಗಿತು ಅಂತ ಆಪರೇಷನ್ ನಿಲ್ಲಿಸೋದಾ?"

"ಕಡ್ಡಿ ಬ್ಯಾಡ್ರೀ, ಈಕಿಗೆ ಅದು ನೆಪ ಆಕ್ಕೈತಿ," ಎಂದರು ಸಿಸ್ಟರ್. ಆಯಾಳ ಕೈಯಿಂದ ಸ್ಟೀಲಿನ ತಟ್ಟೆ ತೆಗೆದುಕೊಂಡರು. ತಮ್ಮ ಸೆರಗನ್ನೂ ತಲೆಯನ್ನೂ ಕೊಡವಿ ಒಂದು ಹಿಡಿಯಷ್ಟು ಹೊಟ್ಟನ್ನು ತಟ್ಟೆಯ ಮೇಲೆ ಉದುರಿಸಿಕೊಂಡರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಹೊಟ್ಟು ಬಿದ್ದದ್ದಕ್ಕೆ ಆಯಾ ಅಯ್ಯೋ ಎಂದು ಕೂಗಿದಳು. ಸಿಸ್ಟರ್ ತಟ್ಟೆಯನ್ನು ಮೊದಲು ನನ್ನ ಗದ್ದದಿಂದ ಗೇಣು ದೂರಕ್ಕೆ ಹಿಡಿದರು. "ನೀ ಊದು. ಬಾಯಿ ಅಗಲ." ಊದಿದೆ. ಹೊಟ್ಟು ಸರ್ಜನ್ನರ ಅಂಗಿಯ ತನಕ ಹಾರಿತು. ಮತ್ತೆ ಸೆರಗು ಕೊಡವಿ ತಟ್ಟೆ ತುಂಬಿಸಿ ಅವ್ವನ ಮುಂದೆ ಹಿಡಿದರು. "ಇದು ದೀಪ ಅಲ್ಲ ಯವ್ವಾ, ಹೊಟ್ಟು. ಜೀವಮಾನ ಪೂರಾ ಹಸನ ಮಾಡೀದಿ. ಊದು."

ಅವ್ವ ಅತ್ತಿತ್ತ ನೋಡಿದಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಎದೆ ತುಂಬ ಉಸಿರು ಎಳೆದು, ಬಾಯಿ ತೆರೆದು ಊದಿದಳು. ಕೊರಳಿನ ನರ ಎದ್ದವು, ಕಣ್ಣು ಕೆಂಪಾದವು. ತಟ್ಟೆಯ ಈಚೆ ಅಂಚಿನ ನಾಲ್ಕು ಹೊಟ್ಟು ಸರಿದವು, ಅಷ್ಟೇ. ಉಳಿದದ್ದು ಇದ್ದಲ್ಲೇ ಇತ್ತು. ಮೊರ ಹಿಡಿದು ಚೀಲಗಟ್ಟಲೆ ಕಾಳು ಹಸನು ಮಾಡಿದ ಹೆಂಗಸು ಆ ತಟ್ಟೆಯನ್ನೇ ನೋಡುತ್ತ ಕೂತಳು.

ಸರ್ಜನ್ ಅವಸರದ ಮನುಷ್ಯರಾದರೂ ಕೆಟ್ಟವರಲ್ಲ. ಅರಿವಳಿಕೆಯ ಡಾಕ್ಟರನ್ನು ಕರೆದರು. ಆ ಡಾಕ್ಟರು ಸ್ಟೆತಾಸ್ಕೋಪನ್ನು ಅವ್ವನ ಗಂಟಲ ಮೇಲೆ ಇಟ್ಟು, ಕೈಗಡಿಯಾರ ನೋಡುತ್ತ, ಇರುವ ಉಸಿರನ್ನೆಲ್ಲ ಒಂದೇ ಸಲಕ್ಕೆ ಜೋರಾಗಿ ಹೊರಹಾಕಲು ಹೇಳಿದರು. ಗಟ್ಟಿ ಎದೆಯವರದು ಮೂರು ನಾಲ್ಕು ಸೆಕೆಂಡಿಗೆ ಮುಗಿಯಬೇಕು. ಅವ್ವನದು ಮುಗಿಯಲೇ ಇಲ್ಲ, ಸಣ್ಣಗೆ ಸಿಳ್ಳೆ ಹೊಡೆಯುತ್ತ ಹೊರಬರುತ್ತಲೇ ಇತ್ತು. ಡಾಕ್ಟರು ಹನ್ನೊಂದರ ತನಕ ಎಣಿಸಿ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದರು. "ಇವರಿಗೆ ಎಚ್ಚರ ತಪ್ಪಿಸಿದ್ದರೆ," ಎಂದು ಶುರು ಮಾಡಿ, ಅವ್ವ ಕೇಳುತ್ತಿದ್ದಾಳೆಂದು ನಿಲ್ಲಿಸಿದರು. ಆ ಅರ್ಧ ಮಾತು ಸಾಕಾಗಿತ್ತು.

ಅಂದಿನ ಆಪರೇಷನ್ನು ನಿಂತಿತು. ಎರಡು ತಿಂಗಳು ಗುಳಿಗೆ, ಇಂಜೆಕ್ಷನ್ನು, ಹೊಗೆಯಿಂದ ದೂರ. ಆಮೇಲೆ ಬೆನ್ನಿಗೆ ಸೂಜಿ ಹಾಕಿ, ಸೊಂಟದ ಕೆಳಗಷ್ಟೇ ಮರಗಟ್ಟಿಸಿ, ಅದೇ ಸರ್ಜನ್ ಆಪರೇಷನ್ ಮಾಡಿದರು. ಅವ್ವ ಉದ್ದಕ್ಕೂ ಎಚ್ಚರವಿದ್ದು ಅವರ ಮನೆಯ ಮಕ್ಕಳ ಕ್ಷೇಮಸಮಾಚಾರ ಕೇಳಿದಳಂತೆ. ಆ ಜಡ್ಡು ಕಳೆಯಿತು. ಎದೆಯದು ಪೂರ್ತಿ ವಾಸಿಯಾಗುವ ರೋಗವಲ್ಲ, ಆದರೂ ಅವ್ವ ಅದರೊಂದಿಗೆ ಬಹಳ ವರ್ಷ ಬಾಳಿದಳು. ಸಿಸ್ಟರ್ ಒಂದು ರವಿವಾರ ಜವಳಗೇರಾಕ್ಕೆ ಬಂದು, ಹೊಟ್ಟಿನ ಒಲೆಯನ್ನು ತಮ್ಮ ಕೈಯಾರೆ ಒಡೆದು, ಅಪ್ಪನಿಂದ ಅಡಿಗೆಮನೆಯ ಮಾಳಿಗೆ ಕೊರೆಸಿ ದೊಡ್ಡ ಬೆಳಕಿಂಡಿ ಇಡಿಸಿ ಹೋದರು. ಮಳೆಗಾಲದಲ್ಲಿ ಸೋರುತ್ತದೆ ಎಂದು ಅಪ್ಪ ಗೊಣಗಿದ್ದಕ್ಕೆ, "ಸೋರಲಿ ಗೌಡ್ರ, ಮಳಿ ವರ್ಷಕ್ಕ ನಾಕು ದಿನ, ಹೊಗಿ ದಿನಾ ಐತಿ," ಎಂದರು.

ಅಂದು ಲಿಂಗಸುಗೂರಿನ ಬಸ್‌ ನಿಲ್ದಾಣದಲ್ಲಿ ಮಸ್ಕಿಯ ಬಸ್ಸಿಗೆ ಕಾಯುತ್ತ ನಾನು ಅವರ ಮುಂದೆ ಅತ್ತೆ. ಅವ್ವನ ಸಾವನ್ನು ನನ್ನ ಬಾಯಾರೆ ಬರೆಸಿಕೊಟ್ಟಿದ್ದೆ, ಅಳದೆ ಏನು ಮಾಡಲಿ? ಸಿಸ್ಟರ್ ಕೂದಲಿನಿಂದ ಹೊಟ್ಟು ಹೆಕ್ಕುತ್ತ ಕೂತಿದ್ದರು. "ಅಳಬ್ಯಾಡ. ನೀನೂ ತಪ್ಪಿದಿ, ನಾನೂ ತಪ್ಪಿದೆ. ನಲವತ್ತು ಮಂದಿ ನಿಂತಾರಂತ ನಾ ಬಿಟ್ಟೆ. ನಿಮ್ಮವ್ವ ಅಂತ ನೀ ಬಿಟ್ಟಿ. ಮಂದೀ ಉರಿ ನೋಡೂಮುಂದ ಕಣ್ಣು ಬರೋಬ್ಬರಿ ಇರತೈತಿ ಶಾರದಾ. ನಮ್ಮವರದು ಅಂದಕೂಡ್ಲೇ ಏನರ ಒಂದು ನೆಪ ಹುಡಕತೈತಿ." ಅದಾದ ಮೇಲೆ ಅವರ ಸೊಂಟದಲ್ಲಿ ಕಡ್ಡಿಪೆಟ್ಟಿಗೆಯ ಜೊತೆಗೆ ಹೊಟ್ಟು ತುಂಬಿದ ಸಣ್ಣ ಡಬ್ಬಿಯೂ ಸೇರಿಕೊಂಡಿತು. ಚೀಟಿಯಲ್ಲಿ "ಒಲ್ಲೆ ಅಂದಳು" ಎಂದು ನನ್ನಿಂದ ಮತ್ತೆಂದೂ ಬರೆಸಲಿಲ್ಲ.

ತೊಂಬತ್ತರ ದಶಕದಲ್ಲಿ ನನಗೆ ಸಿಂಧನೂರಿಗೆ ವರ್ಗವಾಯಿತು. ಸಿಸ್ಟರ್ ನಿವೃತ್ತರಾಗಿ ವಳಕಮದಿನ್ನಿಯ ತಮ್ಮನ ಮನೆ ಸೇರಿದರು. ವರ್ಷಕ್ಕೆ ಎರಡು ಸಲ ಕಾಗದ ಬರುತ್ತಿತ್ತು, ಅದರಲ್ಲಿ ಅವ್ವನ ಉಸಿರಿನ ವಿಚಾರಣೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ಬಂದ ಕಾಗದದಲ್ಲಿ ಎರಡೇ ಸಾಲು ಇದ್ದವು. ಈಗ ಸಿಸ್ಟರೂ ಇಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಸಿಂಧನೂರಿನ ನನ್ನ ಲ್ಯಾಬಿನಲ್ಲಿ, ಒಂದು ಬೆಳಿಗ್ಗೆ. ತಮ್ಮನ ಮಗಳ ಮದುವೆಯ ಜವಳಿಗೆ ಬಂದಿದ್ದೆ, ನಿನ್ನನ್ನೂ ನೋಡಿ ಹೋಗೋಣ ಎಂದು ಬಂದೆ ಎಂದರು. ಬಾಗಿಲಿಗೆ ಮೂರೇ ಮೆಟ್ಟಿಲು. ಅಷ್ಟನ್ನು ಹತ್ತಿ ಬಂದವರು ಎರಡೂ ಕೈಗಳನ್ನು ಮೊಣಕಾಲಿಗೆ ಊರಿ ಸ್ಟೂಲಿನ ಮೇಲೆ ಕೂತರು. ಮಾತು ಅರ್ಧರ್ಧ ಬರುತ್ತಿತ್ತು. ನಡುನಡುವೆ ತುಟಿ ಚೂಪು ಮಾಡಿ ಸಣ್ಣಗೆ ಉಸಿರು ಬಿಡುತ್ತಿದ್ದರು. ತುಟಿ ಚೂಪು ಮಾಡಬ್ಯಾಡ ಎಂದು ಸಾವಿರ ಮಂದಿಗೆ ಹೇಳಿದವರು. ಅವರ ಮೈಯಿಂದ ಗಂಧಕದ ವಾಸನೆಯೂ ಬರಲಿಲ್ಲ.

"ಕಡ್ಡಿಪೆಟ್ಟಿಗಿ ಎಲ್ರೀ ಸಿಸ್ಟರ್?"

"ಬಿಟ್ಟೀನಿ," ಎಂದರು. ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡು, "ಊದೋರು... ಯಾರದಾರ ಊರಾ‌ಗ," ಎಂದರು.

ನಾನು ಎದ್ದು, ಸ್ಪಿರಿಟ್ಟಿನ ದೀಪ ಹಚ್ಚಲು ಇಟ್ಟಿದ್ದ ಕಡ್ಡಿಪೆಟ್ಟಿಗೆ ತಂದೆ. ಗೀರುವಾಗ ಎರಡು ಕಡ್ಡಿ ಮುರಿದವು. ಮೂರನೆಯದು ಹತ್ತಿತು. ಹೆಬ್ಬೆರಳನ್ನು ಅವರ ಗದ್ದಕ್ಕೆ ತಾಗಿಸಿ ಗೇಣು ಅಳೆದು ಹಿಡಿದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು, ಪರೀಕ್ಷೆ ನನ್ನದೇ ಎಂಬಂತೆ. ಆಮೇಲೆ ಎದೆಯ ತುಂಬ ಉಸಿರೆಳೆದು, ಬಾಯಿ ಅಗಲ ತೆರೆದು ಊದಿದರು. ಉರಿ ಬಾಗಿತು. ಬಾಗಿ, ಮತ್ತೆ ಎದ್ದು ನಿಂತಿತು.

ಸಿಸ್ಟರ್ ಬಾಯಿ ಮುಚ್ಚಿಕೊಂಡರು. ಮುಖದ ಮೇಲೆ ಒಂದು ಕಳ್ಳ ನಗೆ ಬಂತು.

"ದೀಪ ಊದಬಾರದವ್ವಾ," ಎಂದರು.

ಹೂಂ ಎಂದುಬಿಡಬೇಕು ಅನ್ನಿಸಿತು. ದೇವರಾಣೆಗೂ ಅನ್ನಿಸಿತು. ಕಡ್ಡಿ ನನ್ನ ಬೆರಳಿನ ತನಕ ಉರಿದು ಬಂದು ಸುಟ್ಟಿತು, ಕೆಳಗೆ ಹಾಕಿದೆ.

"ಉರಿ ಬಾಗಿತ್ರೀ ಸಿಸ್ಟರ್."

ಅವರ ನಗೆ ಹೋಗಲಿಲ್ಲ, ಕಣ್ಣು ಮಾತ್ರ ತುಂಬಿದವು. "ನೋಡಿದಿ?"

"ನೋಡಿದೆ."

"ನಿಮ್ಮವ್ವಂದಕ್ಕಿಂತ... ಹೆಚ್ಚು ಬಾಗಿತೋ, ಕಮ್ಮಿಯೋ?"

ಲಿಂಗಸುಗೂರಿನ ಬಸ್‌ ನಿಲ್ದಾಣ, ಕೂದಲಿನಿಂದ ಹೊಟ್ಟು ಹೆಕ್ಕುತ್ತಿದ್ದ ಅವರ ಬೆರಳು, ಬೇವಿನ ಮರದ ಕೆಳಗೆ ನಾನೂ ಕಂಡು ಕಾಣದ ಹಾಗೆ ಬಿಟ್ಟ ಅವ್ವನ ಉರಿಯ ಬಾಗು, ಎಲ್ಲ ನೆನಪಾಯಿತು. ಇವರ ಮುಂದೆ ಮತ್ತೊಮ್ಮೆ ಅಕ್ಕರೆಯ ಸುಳ್ಳು ಹೇಳುವ ಹಾಗಿರಲಿಲ್ಲ.

"ಕಮ್ಮಿರೀ," ಎಂದೆ.

ಸಿಸ್ಟರ್ ತಲೆ ಆಡಿಸಿದರು. ಮೇಜಿನ ಮೇಲಿದ್ದ ಖಾಲಿ ಚೀಟಿಗಳ ಕಟ್ಟನ್ನು ನನ್ನ ಕಡೆ ಸರಿಸಿ, ತುಟಿ ಚೂಪು ಮಾಡಿ ಒಂದು ಉಸಿರು ಬಿಟ್ಟು, "ಹಂಗಾರ ಬರಕೋ," ಎಂದರು. ನಾನು ಅವರ ಹೆಸರು ಬರೆದು, ಅದರ ಮುಂದೆ ಒಂದು ಗೀಟು ಎಳೆದೆ.